ಮಳೆಮರದ ನೆರಳನ್ನು ಅಳೆದ ಬೆಳಿಗ್ಗೆ

ಕಣ್ಣು ಕಾಣದವರನ್ನು ತೋಟಕ್ಕೆ ಕರೆದುಕೊಂಡು ಹೋಗುವವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. ಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಇರು, ಒಂದು ರೌಂಡ್ ಹಾಕ್ಕೊಂಡು ಬಂದುಬಿಡ್ತೀವಿ" ಅಂತ ಹೋಗುತ್ತಾರೆ. ಇಲ್ಲವೇ ಕೈ ಹಿಡಿದು ಎಳೆದುಕೊಂಡು ಹೋಗುತ್ತಾ, "ಎಷ್ಟು ಚೆನ್ನಾಗಿದೆ ಗೊತ್ತಾ, ಒಂದು ಕಡೆ ಪೂರ್ತಿ ಕೆಂಪು, ಇನ್ನೊಂದು ಕಡೆ ಹಳದಿ" ಅನ್ನುತ್ತಾರೆ. ಪ್ರೀತಿ ಇಲ್ಲ ಅಂತಲ್ಲ. ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುವ ಕಣ್ಣಿನ ಕಾಯಿಲೆ. ಮೊದಲು ಇರುಳುಗಣ್ಣು ಶುರುವಾಯಿತು, ಆಮೇಲೆ ಅಕ್ಕಪಕ್ಕದ ನೋಟ ಕಿರಿದಾಗುತ್ತಾ ಬಂತು, ಕೊನೆಗೆ ಉಳಿದದ್ದೂ ಹೋಯಿತು. ಆಮೇಲೂ ಮನೆಯವರ ಜೊತೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದೇನೆ. ಒಂದೇ ಒಂದು ಹೂವನ್ನೂ ಮುಟ್ಟದೆ ಮನೆಗೆ ಬಂದಿದ್ದೇನೆ.

ಅದೇ ಲಾಲ್‌ಬಾಗಿಗೆ ಈ ಸಲ ಯುಗಾದಿಗೆ ಮುಂಚಿನ ಒಂದು ಭಾನುವಾರ ನಮ್ಮಂಥವರದ್ದೇ ಗುಂಪಿನಲ್ಲಿ ಹೋದೆ. ಮೆಟ್ರೋ ಇಳಿದು ಹಳದಿ ಟೈಲ್ಸ್ ಹಿಡಿದು ಹೊರಗೆ ಬರುವವರೆಗೆ ಯಾರ ಸಹಾಯವೂ ಬೇಕಾಗಲಿಲ್ಲ: ಉಬ್ಬುಗೆರೆ ಇದ್ದರೆ ನಡೆ, ಉಬ್ಬುಚುಕ್ಕೆ ಬಂದರೆ ನಿಲ್ಲು. ಗೇಟಿನ ಹತ್ತಿರ ಕಾಲೇಜು ಹುಡುಗ ಹುಡುಗಿಯರು ಕಾಯುತ್ತಿದ್ದರು, ನಮ್ಮಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬರಂತೆ. ಏರ್ಪಾಡು ಮಾಡಿದ್ದ ಮೇಡಂ ಮೊದಲು ಅವರಿಗೆ ಪಾಠ ಹೇಳಿದರು. ನೀವು ಅವರ ಕೈ ಹಿಡಿಯಬೇಡಿ, ಅವರು ನಿಮ್ಮ ಮೊಣಕೈ ಮೇಲೆ ಹಿಡಿಯುತ್ತಾರೆ. ನೀವು ಅರ್ಧ ಹೆಜ್ಜೆ ಮುಂದಿರಿ. ದಾರಿ ಕಿರಿದಾದರೆ ತೋಳನ್ನು ಬೆನ್ನ ಹಿಂದೆ ತನ್ನಿ, ಅವರಿಗೆ ಅರ್ಥವಾಗುತ್ತದೆ. ಮೆಟ್ಟಿಲು ಬಂದರೆ ಹತ್ತೋದೋ ಇಳಿಯೋದೋ ಹೇಳಿ. "ಹುಷಾರು!" ಅಂತ ಮಾತ್ರ ಕೂಗಬೇಡಿ, ಯಾವುದಕ್ಕೆ ಹುಷಾರು ಅಂತ ಗೊತ್ತಾಗದೆ ನಿಂತಲ್ಲೇ ಗಾಬರಿಯಾಗುತ್ತಾರೆ. ಈ ಕೊನೆಯ ಮಾತನ್ನು ಇಡೀ ಊರಿಗೆ ಮೈಕಿನಲ್ಲಿ ಹೇಳಬೇಕು ಅನಿಸಿತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮ ಜೊತೆಗಿದ್ದ ಹಿರಿಯ ಅಮ್ಮ ನಿಂತುಬಿಟ್ಟರು. ಗ್ಲಾಕೋಮಾದಿಂದ ಅರವತ್ತರ ಮೇಲೆ ದೃಷ್ಟಿ ಕಳೆದುಕೊಂಡವರು. ಚಪ್ಪಲಿ ಬಿಟ್ಟು ಕಾಲಿನಿಂದ ನೆಲ ಸವರಿ, "ಹೊಂಗೆ ಹೂ ಉದುರಿದೆ ನೋಡ್ರಪ್ಪಾ, ಹಬ್ಬ ಹತ್ತಿರ ಬಂತು" ಅಂದರು. ಅವರ ಜೊತೆಗಿದ್ದ ಹುಡುಗಿಗೆ ಅದು ಹೊಂಗೆ ಅಂತ ಗೊತ್ತಿರಲಿಲ್ಲ. ಆಮೇಲೆ ದಾರಿಯುದ್ದಕ್ಕೂ ಅವಳೇ ಅಮ್ಮನನ್ನು ಕೇಳುತ್ತಾ ಬಂದಳು.

ನಾಗಲಿಂಗದ ಮರದ ಹತ್ತಿರ ಹೆಚ್ಚು ಹೊತ್ತು ಕಳೆದೆವು. ಹೂವು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ, ಕಾಂಡದಿಂದಲೇ ಹೊರಟ ಗಂಟುಗಂಟಾದ ದಂಟುಗಳ ಮೇಲೆ ಬಿಡುತ್ತದೆ. ಹಾಗಾಗಿ ಆ ದಂಟುಗಳು ಕೈಗೆಟುಕುತ್ತವೆ. ಉದುರಿದ್ದ ಒಂದು ಹೂವನ್ನು ನನ್ನ ಅಂಗೈಗೆ ಇಟ್ಟರು. ಹೊರಗೆ ಆರು ದಪ್ಪ ಎಸಳು, ನುಣ್ಣಗೆ, ತಣ್ಣಗೆ. ಬೆರಳನ್ನು ಒಳಗೆ ಜಾರಿಸಿದರೆ ಪುಟ್ಟ ಪುಟ್ಟ ಕೇಸರ ತುಂಬಿದ ಒಂದು ತಟ್ಟೆ. ತಟ್ಟೆಯ ಒಂದು ಬದಿ ಮೇಲೆದ್ದು, ಅಗಲವಾಗಿ, ನಡುವಿನ ಗುಂಡನೆಯ ಭಾಗದ ಮೇಲೆ ಬಾಗಿದೆ. ಅದರ ಒಳಮೈ ಪೂರ್ತಿ ಒರಟು ಎಳೆಗಳು. ಚಿಕ್ಕಂದಿನಲ್ಲಿ ಕಣ್ಣಿದ್ದಾಗ ದೇವಸ್ಥಾನದಲ್ಲಿ ಈ ಹೂವನ್ನು ದೂರದಿಂದ ನೋಡಿದ್ದೆ. ಆ ಹೆಡೆ ಎಲ್ಲಿಂದ ಹುಟ್ಟಿ ಹೇಗೆ ಬಾಗುತ್ತದೆ ಅನ್ನುವುದು ಅವತ್ತೇ ತಿಳಿದದ್ದು. ಕೆಳಗೆ ಬಿದ್ದಿದ್ದ ಕಾಯಿಯನ್ನೂ ಎತ್ತಿಕೊಟ್ಟರು: ಮರದಂತೆ ಗಟ್ಟಿ ಚಿಪ್ಪು, ಎರಡೂ ಕೈ ಬೇಕಾಗುವಷ್ಟು ತೂಕ. ಅಂಥದ್ದು ಮೇಲಿಂದ ಬೀಳುವ ಮರ, ನಿಲ್ಲುವ ಜಾಗವನ್ನು ಕಣ್ಣಿರುವವರು ನೋಡಿ ಆರಿಸಬೇಕು.

ಗುಂಪಿನಲ್ಲಿ ಒಬ್ಬ ಹುಡುಗನಿದ್ದ, ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಮಳೆಮರದ ಹತ್ತಿರ ಬಂದಾಗ ತನ್ನ ಜೊತೆಗಾರನನ್ನು ಕೇಳಿದ, "ಅಣ್ಣಾ, ಈ ಮರ ಎಷ್ಟು ದೊಡ್ಡದು?"

"ತುಂಬಾ ದೊಡ್ಡದು ಕಣೋ."

"ತುಂಬಾ ಅಂದ್ರೆ ಎಷ್ಟು?"

ಕಾಂಡವನ್ನು ತೋಳು ಚಾಚಿ ತಬ್ಬಿ ನೋಡಿದ. ಸಾಲಲಿಲ್ಲ, ನಾನೂ ಅವನ ಜೊತೆಗಾರನೂ ಕೈ ಕೂಡಿಸಿದೆವು. ಸರಿ, ಬುಡ ಗೊತ್ತಾಯಿತು, ಮೇಲಿನದು? ಆಗ ಬಿಸಿಲು ಏರಿತ್ತು. ಅವನೇ ಉಪಾಯ ಹುಡುಕಿದ. ಬಿಳಿ ಕೋಲು ಹಿಡಿದು ಬುಡದಿಂದ ನೇರ ನಡೆಯುತ್ತಾ ಹೆಜ್ಜೆ ಎಣಿಸಿದ. ಕೆನ್ನೆಗೆ ಬಿಸಿಲು ತಾಗಿದ ಕಡೆ ನಿಂತು, "ಇಲ್ಲಿಗೆ ಮುಗೀತು!" ಅಂತ ಕೂಗಿದ. ವಾಪಸ್ ಬಂದು ಇನ್ನೊಂದು ದಿಕ್ಕಿಗೆ ನಡೆದ. ನಡುವೆ ಒಂದೊಂದು ಬಿಸಿಲಿನ ತುಣುಕು ತಾಗಿದರೆ, "ಇಲ್ಲಿ ಎಲೆ ಕಮ್ಮಿ" ಅನ್ನುತ್ತಿದ್ದ. ನಾವೆಲ್ಲ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೊರಟು ನೆರಳಿನ ಅಂಚಿಗೆ ಹೋಗಿ ನಿಂತೆವು, ಅಲ್ಲಿಂದ ಒಬ್ಬರನ್ನೊಬ್ಬರು ಕೂಗಿದೆವು. ಸುತ್ತಲಿಂದ ಬಂದ ದನಿಗಳಲ್ಲಿ ಆ ಮರದ ಅಗಲ ಇಡಿಯಾಗಿ ಕಿವಿಗೆ ಸಿಕ್ಕಿತು. ಅಷ್ಟರಲ್ಲಿ ಮೇಲೆಲ್ಲೋ ಚೆಂಬುಕುಟಿಗ ಹಕ್ಕಿ ಟುಕ್ ಟುಕ್ ಅಂತ ಶುರುಮಾಡಿತು. ಹುಡುಗ ದನಿ ಬಂದ ಕಡೆ ಕೈ ಎತ್ತಿದನಂತೆ. ಅವನ ಜೊತೆಗಾರ ಹೇಳಿದ, "ಕರೆಕ್ಟಾಗಿ ತುದಿಗೇ ತೋರಿಸ್ತಿದ್ದಾನೆ ಸರ್."

ಕಣ್ಣಿದ್ದ ಕಾಲದಲ್ಲೂ ನಾನು ಯಾವ ಮರವನ್ನೂ ಇಷ್ಟು ವಿಚಾರಿಸಿದವನಲ್ಲ. ಒಬ್ಬನೇ ಹೋಗಿದ್ದರೆ ನೆರಳಿನ ಅಂಚು ಹುಡುಕುವುದು ನನಗೆ ಹೊಳೆಯುತ್ತಲೂ ಇರಲಿಲ್ಲ. ಗುಂಪಾಗಿ ಹೋಗಬೇಕು ಅಂತ ನಾನು ಈಗ ಎಲ್ಲರಿಗೂ ಹೇಳುವುದು ಇದಕ್ಕೇ. ಸುರಕ್ಷತೆ ಒಂದು ಕಾರಣ ನಿಜ. ಆದರೆ ಒಬ್ಬರ ಕಾಲು, ಇನ್ನೊಬ್ಬರ ಕಿವಿ, ಮತ್ತೊಬ್ಬರ ಪ್ರಶ್ನೆ ಸೇರಿದಾಗ ಮಾತ್ರ ಸಿಗುವಂಥದ್ದು ಬೇಕಾದಷ್ಟಿದೆ. ಅಲ್ಲಿ ಯಾರೂ ಯಾರಿಗೂ "ಪಾಪ" ಅನ್ನಲಿಲ್ಲ.

ಕೊನೆಗೆ ಕೆಂಪೇಗೌಡರ ಗೋಪುರ ಇರುವ ಬಂಡೆ ಹತ್ತಿದೆವು. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಕುಳಿತು ಅಂಗೈ ಇಟ್ಟರೆ ಕಾದ ಕಲ್ಲಿನ ಹರಳು ಒರಟಾಗಿ ಚುಚ್ಚುತ್ತದೆ. ಮಣ್ಣಿನ ಮೇಲೆ ಮಂಕಾಗಿದ್ದ ಕೋಲಿನ ಸದ್ದು ಅಲ್ಲಿ ಠಣ್ ಅನ್ನುತ್ತದೆ.

ಈ ಕತೆ ಕೇಳಿದ ಮೈಸೂರಿನ ಗೆಳೆಯರೊಬ್ಬರು ಕಾರಂಜಿ ಕೆರೆಯಲ್ಲಿ ಹೀಗೊಂದು ನಡಿಗೆ ಮಾಡಬೇಕು, ಏನೇನು ಬೇಕು ಅಂತ ಫೋನ್ ಮಾಡಿದ್ದರು. ಹಿಂದಿನ ದಿನವೇ ದಾರಿ ನಡೆದು ನೋಡಿ ಅಂದೆ. ಕೋಲಿಗೆ ನೆಲದ ಗುಂಡಿ ಗೊತ್ತಾಗುತ್ತದೆ, ಮುಖದ ಎತ್ತರಕ್ಕೆ ಚಾಚಿದ ಕಾಗದದ ಹೂವಿನ ಮುಳ್ಳುಕೊಂಬೆ ಗೊತ್ತಾಗುವುದಿಲ್ಲ. ಮುಟ್ಟಲು, ಉದುರಿದ್ದನ್ನು ಎತ್ತಿಕೊಳ್ಳಲು ತೋಟದವರ ಒಪ್ಪಿಗೆ ಮೊದಲೇ ಕೇಳಿಡಿ. ಸ್ವಲ್ಪ ದೃಷ್ಟಿ ಉಳಿದವರೂ ಬರುತ್ತಾರೆ, ಅವರಲ್ಲಿ ಕೆಲವರಿಗೆ ನಡುಬಿಸಿಲಿನ ಕಣ್ಣು ಕುಕ್ಕುವ ಬೆಳಕು ತಡೆಯುವುದಿಲ್ಲ, ಟೋಪಿ ತರಲು ಹೇಳಿ. ಪರದೆಯ ಮೇಲಿನದನ್ನು ಓದಿ ಹೇಳುವ ಫೋನುಗಳ ಟಾಕ್‌ಬ್ಯಾಕ್ ಬಂದ್ ಮಾಡಿಸಿ, ಇಲ್ಲದಿದ್ದರೆ ಹಕ್ಕಿಯ ದನಿ ಕೇಳುವುದಿಲ್ಲ. ಜೊತೆಗಾರರಿಗೆ ಗಿಡಮರದ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಕೇಳಿದ್ದಕ್ಕೆ ನಿಂತು ಉತ್ತರಿಸುವ ತಾಳ್ಮೆ ಬೇಕು.

"ಕೆರೆ ಪೂರ್ತಿ ಸುತ್ತಿಸಬಹುದಲ್ವಾ?" ಅಂದರು.

"ಬೇಡ. ಅರ್ಧ ಕಿಲೋಮೀಟರ್ ಸಾಕು, ಅದಕ್ಕೇ ಎರಡೂವರೆ ಗಂಟೆ ಇಟ್ಟುಕೊಳ್ಳಿ" ಅಂದೆ.