ಪಿಎಚ್‌ಪಿ ನನಗೆ ಯಾಕೆ ಇಷ್ಟ, ಎಲ್ಲಿ ಸಿಟ್ಟು

ಪಿಎಚ್‌ಪಿ ಅಂದರೆ ವೆಬ್‌ಸೈಟ್ ಕಟ್ಟಲು ಬಳಸುವ ಪ್ರೋಗ್ರಾಮಿಂಗ್ ಭಾಷೆ. ಅದರ ಕಾಲ ಮುಗಿಯಿತು ಅನ್ನುವ ಮಾತು ಆಗಾಗ ಕಿವಿಗೆ ಬೀಳುತ್ತಲೇ ಇರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ವಿಕಿಪೀಡಿಯ ಇವತ್ತಿಗೂ ಪಿಎಚ್‌ಪಿ ಮೇಲೆಯೇ ನಡೆಯುತ್ತಿದೆ. ಬ್ಲಾಗು, ವೆಬ್‌ಸೈಟು ಕಟ್ಟಿಕೊಡುವ ವರ್ಡ್‌ಪ್ರೆಸ್ ಕೂಡ ಅದರಲ್ಲೇ ಬರೆದದ್ದು, ಮತ್ತು ಜಗತ್ತಿನ ವೆಬ್‌ಸೈಟುಗಳಲ್ಲಿ ಹತ್ತಕ್ಕೆ ನಾಲ್ಕರಷ್ಟು ವರ್ಡ್‌ಪ್ರೆಸ್‌ನವೇ. ದಿನಾ ಇದರಲ್ಲೇ ಕೆಲಸ ಮಾಡುವ ನನಗೆ ಈ ಭಾಷೆ ಇಷ್ಟ. ಸಿಟ್ಟೂ ಇದೆ. ಎರಡಕ್ಕೂ ಕಾರಣ ಒಂದೇ: ಇದು ಯಾರನ್ನೂ ತಡೆದು ನಿಲ್ಲಿಸುವುದಿಲ್ಲ.

ಪಿಎಚ್‌ಪಿಯನ್ನು ಹುಟ್ಟುಹಾಕಿದ ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತಮ್ಮ ಸ್ವಂತ ಪುಟಕ್ಕೆ ಬೇಕಾದ ಸಣ್ಣಪುಟ್ಟ ಪ್ರೋಗ್ರಾಂಗಳನ್ನು ಸಿ ಭಾಷೆಯಲ್ಲಿ ಬರೆದುಕೊಂಡರು, ಮರುವರ್ಷ ಎಲ್ಲರಿಗೂ ಕೊಟ್ಟರು. ಹೊಸ ಭಾಷೆ ಕಟ್ಟುವ ಯೋಚನೆ ಅವರಿಗಿರಲಿಲ್ಲ, ಕೆಲಸ ಆಗಬೇಕಿತ್ತು ಅಷ್ಟೇ. ಆ ಗುಣ ಇನ್ನೂ ಉಳಿದಿದೆ. ಎಚ್‌ಟಿಎಂಎಲ್ ಫೈಲಿನ ನಡುವೆ ನಾಲ್ಕು ಸಾಲು ಸೇರಿಸಿ, ಸರ್ವರಿಗೆ ಹಾಕಿ, ಬ್ರೌಸರ್ ರಿಫ್ರೆಶ್ ಮಾಡಿದರೆ ಮುಗಿಯಿತು.

ಇದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ, ಅದರ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ. ಸಾಮಾನ್ಯವಾಗಿ ಪಿಎಚ್‌ಪಿಯಲ್ಲಿ ಪ್ರತಿ ರಿಕ್ವೆಸ್ಟಿಗೂ, ಅಂದರೆ ಬ್ರೌಸರ್ ಪುಟ ಕೇಳಿದಾಗಲೆಲ್ಲ, ಕೋಡ್ ಹೊಸದಾಗಿ ಶುರುವಾಗುತ್ತದೆ, ಉತ್ತರ ಕಳಿಸಿದ ಮೇಲೆ ವೇರಿಯೇಬಲ್‌ಗಳೆಲ್ಲ ಅಳಿಸಿಹೋಗುತ್ತವೆ. ಹಾಗಾಗಿ ಒಬ್ಬರ ರಿಕ್ವೆಸ್ಟಿನಲ್ಲಿ ಕೋಡ್ ಬಿದ್ದುಹೋದರೂ ಅದೇ ಹೊತ್ತಿಗೆ ಸೈಟ್ ನೋಡುತ್ತಿರುವ ಇನ್ನೊಬ್ಬರಿಗೆ ಅದು ತಟ್ಟುವುದಿಲ್ಲ, ಬಳಸಿದ ಮೆಮೊರಿ ಬಿಡಲು ಮರೆತರೂ ರಿಕ್ವೆಸ್ಟ್ ಮುಗಿದ ಕೂಡಲೇ ಅದು ತಾನಾಗಿ ವಾಪಸ್ ಬರುತ್ತದೆ. ಒಂದೇ ಪ್ರೊಸೆಸ್ ದಿನಗಟ್ಟಲೆ ಓಡುವ ನೋಡ್‌ನಂಥ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಕಡೆ ಇದನ್ನೆಲ್ಲ ನಾವೇ ನೋಡಿಕೊಳ್ಳಬೇಕು. ಹೌದು, ಚಾಟ್‌ನಂತೆ ಕನೆಕ್ಷನ್ ಸದಾ ತೆರೆದಿರಬೇಕಾದ ಕೆಲಸಕ್ಕೆ ಪಿಎಚ್‌ಪಿಯ ಈ ರೀತಿ ಹೊಂದುವುದಿಲ್ಲ. ಅಲ್ಲಿ ನಾನು ಬೇರೆಯದನ್ನೇ ಬಳಸುತ್ತೇನೆ.

ಇನ್ನು ಸಿಟ್ಟಿನ ವಿಷಯ. ಒಂದು ವಾಕ್ಯದಲ್ಲಿ ಒಂದು ಪದ ಇದೆಯೇ ಎಂದು ನೋಡಲು ಬಹಳ ಕಾಲ ಎಲ್ಲರೂ ಬಳಸಿದ್ದು ಸ್ಟ್ರ್‌ಪಾಸ್ (strpos) ಫಂಕ್ಷನ್. ಪದ ಸಿಕ್ಕರೆ ಎಷ್ಟನೇ ಜಾಗದಲ್ಲಿದೆ ಎಂದು ಹೇಳುತ್ತದೆ, ಸಿಗದಿದ್ದರೆ ಫಾಲ್ಸ್, ಅಂದರೆ ಇಲ್ಲ. ಪದ ವಾಕ್ಯದ ಶುರುವಿನಲ್ಲೇ ಇದ್ದರೆ? ಎಣಿಕೆ ಸೊನ್ನೆಯಿಂದ, ಹಾಗಾಗಿ ಸಿಗುವುದು 0. ಇಫ್ ಎಂಬ ಷರತ್ತಿನ ಒಳಗೆ 0 ಅಂದರೂ ಫಾಲ್ಸ್ ಅಂದರೂ ಒಂದೇ. ಪದ ಕಣ್ಣೆದುರಿಗೇ ಇದೆ, ಕೋಡ್ ಇಲ್ಲ ಅನ್ನುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಬೆಲೆಯ ಜೊತೆ ಬಗೆಯನ್ನೂ ನೋಡುವ !== ಗುರುತು ಹಾಕಿ ಫಾಲ್ಸ್ ಜೊತೆ ಹೋಲಿಸಬೇಕು ಎಂದು ಗೊತ್ತಿದ್ದವರು ಮಾತ್ರ ಬಚಾವ್. ಇದೆ ಅಥವಾ ಇಲ್ಲ ಎಂದಷ್ಟೇ ಹೇಳುವ ಸ್ಟ್ರ್‌ಕಂಟೈನ್ಸ್ (str_contains) ಬಂದದ್ದು 2020ರ ಪಿಎಚ್‌ಪಿ 8ರಲ್ಲಿ. ಇಷ್ಟು ಸಣ್ಣ ವಿಷಯಕ್ಕೆ ಇಪ್ಪತ್ತೈದು ವರ್ಷ!

ನಮ್ಮ ಲಿಪಿಗೆ ಬಂದರೆ ಕಷ್ಟ ಇನ್ನೂ ಜಾಸ್ತಿ. ಪಠ್ಯದ ಉದ್ದ ಹೇಳುವ ಸ್ಟ್ರ್‌ಲೆನ್ (strlen) ಎಣಿಸುವುದು ಬೈಟ್‌ಗಳನ್ನು. 'ಕನ್ನಡ' ಅಂತ ಕೊಟ್ಟರೆ 15 ಅನ್ನುತ್ತದೆ, ಯಾಕೆಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಬೈಟ್ ಬಿಟ್ಟು ಚಿಹ್ನೆಗಳನ್ನು ಎಣಿಸುವ ಎಂಬಿ-ಸ್ಟ್ರ್‌ಲೆನ್ (mb_strlen) ಬಳಸಿದರೆ 5, ಒತ್ತಕ್ಷರದ ನಡುವಿನ ಹಲಂತವೂ ಲೆಕ್ಕಕ್ಕೆ ಬರುತ್ತದಲ್ವಾ. ನಾವು ಓದುವುದೋ ಮೂರಕ್ಷರ. ಕನ್ನಡದ ಸಾಲನ್ನು ಸಬ್‌ಸ್ಟ್ರ್ (substr) ಹಾಕಿ 100 ಬೈಟ್‌ಗೆ ಕತ್ತರಿಸಿದರೆ ಎಷ್ಟೋ ಸಲ ಕೊನೆಯ ಅಕ್ಷರ ಮುರಿದು ಅಲ್ಲಿ ಪ್ರಶ್ನೆ ಗುರುತು ಬಂದು ಕೂರುತ್ತದೆ. ಇಲ್ಲೂ ಪಿಎಚ್‌ಪಿ ತುಟಿ ಪಿಟಕ್ ಅನ್ನುವುದಿಲ್ಲ. ಎಲ್ಲ ಲಿಪಿಗಳಿಗೂ ಸಲ್ಲುವ ಯೂನಿಕೋಡನ್ನು ಭಾಷೆಯ ಒಳಗೇ ತರಬೇಕೆಂದು ಪಿಎಚ್‌ಪಿ 6 ಶುರು ಮಾಡಿದ್ದರು, 2010ರಲ್ಲಿ ಕೈಬಿಟ್ಟರು. ಅದಕ್ಕೇ 5 ಆದ ಮೇಲೆ ನೇರ 7. ಆ ಕೆಲಸ ಮುಗಿಯಬೇಕಿತ್ತು ಅನ್ನುವ ಬೇಸರ ನನಗೆ ಈಗಲೂ ಇದೆ.

ಹಾಗಂತ ಭಾಷೆ ನಿಂತಲ್ಲೇ ನಿಂತಿಲ್ಲ. 2015ರ ಪಿಎಚ್‌ಪಿ 7 ಬಂದಾಗ ವೇಗದಲ್ಲಿ ಎದ್ದು ಕಾಣುವ ವ್ಯತ್ಯಾಸ ಆಯಿತು. ಫೈಲಿನ ತಲೆಯಲ್ಲಿ ಸ್ಟ್ರಿಕ್ಟ್ ಟೈಪ್ಸ್ ಎಂದು ಬರೆದು ಡೇಟಾದ ಬಗೆಯನ್ನು ಕಟ್ಟುನಿಟ್ಟು ಮಾಡಿಕೊಳ್ಳುವ ಅನುಕೂಲವೂ ಅದರಲ್ಲೇ ಬಂತು. ಮೊದಲು 0 == 'ಹಲೋ' ಎಂದು ಕೇಳಿದರೆ ಹೌದು ಅನ್ನುತ್ತಿದ್ದ ಪಿಎಚ್‌ಪಿ, 8ನೇ ಆವೃತ್ತಿಯಿಂದ ಈಚೆಗೆ ಇಲ್ಲ ಅನ್ನುತ್ತದೆ. ಕಂಪೋಸರ್ ಎಂಬ ಸಾಧನ ಬಂದ ಮೇಲೆ ಬೇರೆಯವರು ಬರೆದ ಲೈಬ್ರರಿಗಳನ್ನು ಸೇರಿಸುವುದೂ ಸಲೀಸಾಯಿತು.

ನನಗೆ ಈಗ ಹೆಚ್ಚು ಚಿಂತೆ ಇಂಟರ್ನೆಟ್ಟಿನಲ್ಲಿ ಉಳಿದಿರುವ ಹಳೇ ಪಾಠಗಳದ್ದು. ಫಾರ್ಮಿನಿಂದ ಬಂದದ್ದನ್ನು ಹಾಗೇ ಕ್ವೆರಿಗೆ, ಅಂದರೆ ಡೇಟಾಬೇಸಿಗೆ ಕೊಡುವ ಆದೇಶಕ್ಕೆ, ಅಂಟಿಸುವುದನ್ನು ಅವು ಇನ್ನೂ ಕಲಿಸುತ್ತಿವೆ. ಯಾರು ಬೇಕಾದರೂ ಆ ಫಾರ್ಮಿನಲ್ಲಿ ಎಸ್‌ಕ್ಯೂಎಲ್ (ಡೇಟಾಬೇಸಿನ ಭಾಷೆ) ತುಂಬಿಸಿ ಡೇಟಾಬೇಸನ್ನೇ ಖಾಲಿ ಮಾಡಬಹುದು, ಮತ್ತು ಅಂಥ ಕೋಡ್ ಇವತ್ತಿಗೂ ಯಾವ ತಕರಾರೂ ಇಲ್ಲದೆ ಓಡುತ್ತದೆ. ಹೊಸದಾಗಿ ಕಲಿಯುವವರು ಪಾಠದಲ್ಲಿ ಮೈಎಸ್‌ಕ್ಯೂಎಲ್-ಕ್ವೆರಿ (mysql_query) ಎಂಬ ಫಂಕ್ಷನ್ ಕಂಡರೆ ಆ ಪುಟ ಮುಚ್ಚಿಬಿಡಿ. ಅದನ್ನು 7ರಲ್ಲೇ ತೆಗೆದುಹಾಕಿದ್ದಾರೆ. ಡೇಟಾಬೇಸ್ ಜೊತೆ ಮಾತಾಡಲು ಪಿಎಚ್‌ಪಿಯಲ್ಲಿರುವ ಪಿಡಿಒ ಕಲಿಯಿರಿ, ಪ್ರಿಪೇರ್ (ಆದೇಶವನ್ನೂ ಡೇಟಾವನ್ನೂ ಬೇರೆಬೇರೆಯಾಗಿ ಕೊಡುವ ಕ್ರಮ) ಮಾಡದೆ ಒಂದು ಕ್ವೆರಿಗೂ ಬಳಕೆದಾರರ ಡೇಟಾ ಸೇರಿಸಬೇಡಿ.