ಮುಂದಿನ ಮರ ಮೊದಲು

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಹಗಲಿಡೀ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯ ತರಾವರಿ ಲೆಕ್ಕ. ರಾತ್ರಿ ಊಟ ಮುಗಿಸಿ ಮತ್ತೆ ಪೆನ್ನು ಹಿಡಿದರೆ ಹೆಂಡತಿ ಕೇಳುತ್ತಾಳೆ, "ಅಲ್ಲಿ ಬರೆದದ್ದು ಸಾಲಲಿಲ್ವಾ?" ಇದರಲ್ಲಿ ಕೂಡಿಸೋದು ಕಳೆಯೋದು ಏನೂ ಇಲ್ಲ ಅಂತ ಹೇಳಿ ನೋಡಿದೆ. ನಂಬಲಿಲ್ಲ.

ನಾನು ರಾತ್ರಿ ಬರೆಯೋದು ಚಿತ್ರ, ಝೆಂಟ್ಯಾಂಗಲ್ ಅಂತ ಇದರ ಹೆಸರು. ಅಮೆರಿಕದ ರಿಕ್ ರಾಬರ್ಟ್ಸ್, ಮರಿಯಾ ಥಾಮಸ್ ಇಬ್ಬರೂ ಸೇರಿ ಶುರುಮಾಡಿದ್ದು. 3.5 ಇಂಚಿನ ಚೌಕ ಕಾಗದ, ಅದಕ್ಕೆ ಟೈಲ್ ಅಂತಾರೆ. ಮೂಲೆಗೊಂದು ಪೆನ್ಸಿಲ್ ಚುಕ್ಕಿ, ಚುಕ್ಕಿ ಸೇರಿಸಿ ಅಂಚು, ಒಳಗೆ ಕೈ ಹೋದ ಕಡೆ ಒಂದು ಎಳೆ. ಆ ಎಳೆ ಬಿಡಿಸಿಕೊಟ್ಟ ಜಾಗಗಳಲ್ಲಿ ಪೆನ್ನಿನ ವಿನ್ಯಾಸ. ರಬ್ಬರ್ ಇಲ್ಲ. ಇಲ್ಲಿ ತಪ್ಪು ಅನ್ನೋದೇ ಇಲ್ಲವಂತೆ. ಮಂಡಿ ಲೆಕ್ಕದವನಿಗೆ ಇದು ಗಂಟಲಲ್ಲಿ ಇಳಿಯೋ ಮಾತಲ್ಲ!

ಮೊದಲು ಮದುವೆ ಕಾಗದಗಳನ್ನೇ ಕತ್ತರಿಸಿ ಹಿಂಬದಿಯಲ್ಲಿ ಬರೆದೆ. ಸುಮ್ನೆ ಸಿಗುತ್ತಲ್ಲ. ಆದರೆ ನುಣುಪು ಜಾಸ್ತಿ, ಶಾಯಿ ಒಣಗದೆ ಅಂಗೈಗೆಲ್ಲ ಮೆತ್ತಿತು. ಈಗ ದಪ್ಪ ಡ್ರಾಯಿಂಗ್ ಹಾಳೆ, ಮೈಕ್ರಾನ್ 01 ಪೆನ್ನು. ಗೆರೆ 0.25 ಮಿ.ಮೀ. ಮಳೆಗಾಲದಲ್ಲಿ ಹಾಳೆ ಹಪ್ಪಳದ ಹಾಗೆ ಮೆತ್ತಗಾಗುತ್ತದೆ, ಅದಕ್ಕೇ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತೇನೆ.

ನನ್ನನ್ನು ಕಾಡಿಸಿದ್ದು ಹಾಲಿಬಾ ಅನ್ನೋ ವಿನ್ಯಾಸ. ಎರಡು ಗೆರೆ ಎಳೆದರೆ ಒಂದು ಪಟ್ಟಿ. ಮುಂದಿನ ಪಟ್ಟಿ ಇದರ ಹಿಂದಿನಿಂದ ಹಾದುಹೋಗಬೇಕು. ಅಂದರೆ ಮೊದಲ ಪಟ್ಟಿಯ ಅಂಚಿಗೆ ಬಂದಾಗ ಪೆನ್ನು ಎತ್ತಿ, ಆಚೆ ಅದೇ ನೇರದಲ್ಲಿ ಮತ್ತೆ ಶುರುಮಾಡಬೇಕು. ನನ್ನ ಕೈಯೋ, ನಿಲ್ಲುವುದೇ ಇಲ್ಲ. ಖಾತೆ ಪುಸ್ತಕದಲ್ಲಿ ಗೆರೆ ಹೊಡೆದ ಹಾಗೆ ಸೀದಾ ದಾಟಿಬಿಡುತ್ತಿತ್ತು.

ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಊರಿಗೆ ಹೋಗಿದ್ದೆ. ಕರೆಂಟಿಲ್ಲ. ಜಗಲಿಯಲ್ಲಿ ಅಮ್ಮ ಬತ್ತಿ ಹೊಸೆಯುತ್ತಿದ್ದಳು, ಪಕ್ಕದಲ್ಲಿ ನಾನು ನಾಲ್ಕನೇ ಟೈಲ್ ಹಾಳುಮಾಡುತ್ತಿದ್ದೆ. ಅಮ್ಮ ಬಗ್ಗಿ ನೋಡಿದಳು. "ಅಲ್ಲ ಮಾರಾಯ, ತೋಟ ಬರೀತಿದ್ದೀಯಾ? ಮುಂದಿನ ಮರದ ಮೈಮೇಲೆ ಹಿಂದಿನ ಮರ ಕಾಣುತ್ತಾ?"

ತಲೆ ಎತ್ತಿದೆ. ಮಳೆಯಾಚೆ ಅಡಿಕೆ ಮರಗಳು. ಹತ್ತಿರದ್ದು ಇಡಿಯಾಗಿ, ಅದರ ಹಿಂದಿನದು ಅರ್ಧ, ಅದರ ಹಿಂದಿನದು ಒಂದು ಸೀಳು. ಆಮೇಲೆ ಕತ್ತಲು.

ಐದನೆಯದು ಸರಿಬಂತು. ಸಂದುಗಳಿಗೆ ಕಪ್ಪು ತುಂಬಿದೆ. ಪಟ್ಟಿ ಎಲ್ಲಿ ಅಡಿಗೆ ನುಸುಳುತ್ತೋ ಅಲ್ಲಿ 2ಬಿ ಪೆನ್ಸಿಲ್ ತೀಡಿ, ಅಮ್ಮನ ಹತ್ತಿಯಿಂದಲೇ ಒರೆಸಿದೆ. ಪಟ್ಟಿಗಳು ಮೇಲೆದ್ದು ಬಂದವು. ಗಂಟೆ ಎಷ್ಟಾಯಿತೋ ಗೊತ್ತಾಗಲಿಲ್ಲ.

ಅಮ್ಮ ಬಿಳಿಯಾಗಿ ಉಳಿದಿದ್ದ ಒಂದು ಸಂದಿಯ ಮೇಲೆ ಬೆರಳಿಟ್ಟಳು. "ಇದ್ಯಾಕೆ ಖಾಲಿ?"

"ಹೋದ ವರ್ಷ ಗಾಳಿಗೆ ಬಿತ್ತಲ್ಲ, ಆ ಮರ."

"ಹಂಗಾದ್ರೆ ಅಲ್ಲೊಂದು ಸಸಿ ಇಡು."

ಎಲ್ಲಕ್ಕಿಂತ ಹಿಂದೆ, ಮೂರು ಕಡೆ ಮಾತ್ರ ಇಣುಕುವ ಹಾಗೆ ಒಂದು ಸಣ್ಣ ಪಟ್ಟಿ ಎಳೆದೆ.