ಟಿಕ್ ಎಂದಿತು, ಬೋಲ್ಟ್ ತಿರುಗಿರಲಿಲ್ಲ

ರೇಡಿಯೇಟರ್ ಬಾಯಿಯಲ್ಲಿ ಗುಳ್ಳೆ ಏಳುವುದನ್ನು ನೋಡುತ್ತಾ ನಿಂತ ಆ ಐದು ನಿಮಿಷಗಳನ್ನು ನಾನು ಇನ್ನೂ ಮರೆತಿಲ್ಲ. ಆ ಎಂಜಿನ್ ಕಟ್ಟಿದವನು ನಾನೇ. ನಾಲ್ಕು ಸಿಲಿಂಡರಿನ ಹಳೆಯ ಡೀಸೆಲ್, ಸಿಲಿಂಡರುಗಳ ಮೇಲೆ ಕೂರುವ ಎರಕದ ಕಬ್ಬಿಣದ ಹೆಡ್, ಅದನ್ನು ಬಿಗಿದಿಡುವ ಹತ್ತು ಹೆಡ್ ಬೋಲ್ಟ್. ಬೋರ್ ಮಾಡಿಸಿ, ಹೊಸ ಪಿಸ್ಟನ್, ಬೇರಿಂಗ್ ಹಾಕಿ, ವಾಲ್ವ್ ಕೂರಿಸಿ ಕೊಟ್ಟಿದ್ದೆ. 900 ಕಿ.ಮೀ. ಕೂಡ ಓಡಿರಲಿಲ್ಲ, ವಾಪಸ್ಸು ಬಂತು. ದಿನವೂ ಅರ್ಧ ಲೀಟರ್ ನೀರು ಕಡಿಮೆಯಾಗುತ್ತಿದೆ ಎಂದ ಚಾಲಕ.

ಎಂಜಿನ್ ತಣ್ಣಗಿದ್ದಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದೆವು. ಮೊದಲು ಒಂದೆರಡು ಗುಳ್ಳೆ ಬಂದವು. ಒಳಗೆ ಗಾಳಿ ಸಿಕ್ಕಿಕೊಂಡಿರಬೇಕು, ಈಗ ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಆಕ್ಸಿಲರೇಟರ್ ಒತ್ತಿದಾಗ ನೀರು ಕುದಿಯುವಂತೆ ಉಕ್ಕಿ ಬಂತು. ಕೈ ಇಟ್ಟರೆ ನೀರು ಇನ್ನೂ ತಣ್ಣಗಿತ್ತು. ಮೇಸ್ತ್ರಿ ಎಂಜಿನ್ ಆಫ್ ಮಾಡಿಸಿ ಕೇಳಿದರು:

"ರೀಟಾರ್ಕ್ ಮಾಡಿದ್ದೆಯಾ?"

"ಮಾಡಿದ್ದೆ ಅಣ್ಣ. ಹತ್ತೂ ಟಿಕ್ ಎಂದವು."

"ಟಿಕ್ ಎಂದದ್ದು ವ್ರೆಂಚ್. ಬೋಲ್ಟ್ ತಿರುಗಿತಾ?"

ನನ್ನ ಬಳಿ ಉತ್ತರವಿರಲಿಲ್ಲ. ರೀಟಾರ್ಕ್ ಎಂದರೆ ಎಂಜಿನ್ ಮೊದಲ ಸಲ ಓಡಿ ತಣಿದ ಮೇಲೆ ಹೆಡ್ ಬೋಲ್ಟುಗಳನ್ನು ಮತ್ತೆ ಬಿಗಿಯುವುದು. ಗಾಡಿ ಕೊಟ್ಟ ದಿನ ಸಂಜೆ, ಇಟ್ಟಷ್ಟು ಬಲ ಮುಟ್ಟಿದಾಗ ಟಿಕ್ ಎನ್ನುವ ಟಾರ್ಕ್ ವ್ರೆಂಚನ್ನು ಮ್ಯಾನುಯಲ್ ಹೇಳಿದ 110 ನ್ಯೂಟನ್ ಮೀಟರಿಗೆ ಇಟ್ಟು ಒಂದೊಂದೇ ಬೋಲ್ಟಿಗೆ ಹಾಕಿ ಎಳೆದಿದ್ದೆ. ಒಂದೂ ಕೂದಲೆಳೆಯಷ್ಟು ಕದಲದೆ ಟಿಕ್ ಎಂದಿತ್ತು. ನಾನು ಬಿಗಿದದ್ದು ಎಷ್ಟು ಚೆನ್ನಾಗಿ ಕೂತಿದೆ ಎಂದು ಹೆಮ್ಮೆಪಟ್ಟೆ. ಒಂದು ಸಲಕ್ಕೆ ಒಂದೇ ಬೋಲ್ಟ್, ಕಾಲು ಸುತ್ತು ಸಡಿಲಿಸಿ ಮತ್ತೆ ಬಿಗಿಯಿರಿ ಎಂದು ಮ್ಯಾನುಯಲ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಓದಿದ್ದೆ. ಆದರೆ ಕೈ ಬರಲಿಲ್ಲ. ಅದಕ್ಕೂ ಮುಂಚಿನ ಕೆಲವು ವರ್ಷ ನಾನು ಕಟ್ಟಿದ್ದೆಲ್ಲ ಹೊಸ ಎಂಜಿನ್‌ಗಳು: ಹೆಡ್ಡಿನಡಿ ಸಂದು ಮುಚ್ಚಲು ಉಕ್ಕಿನ ಪದರಗಳ ಗ್ಯಾಸ್ಕೆಟ್, ಡಿಗ್ರಿ ಎಣಿಸಿ ಬಿಗಿದು ಹಿಗ್ಗಿಸುವ ಬೋಲ್ಟ್. ಅವನ್ನು ಒಮ್ಮೆ ಬಿಗಿದ ಮೇಲೆ ಮುಟ್ಟಬಾರದು. ಆ ಭಯವನ್ನೇ ಈ ಹಳೆಯ ಎಂಜಿನ್‌ಗೂ ತಂದಿದ್ದೆ.

ಇದರದ್ದು ಬೇರೆ ಜಾತಿ. ನಾರಿನ ಗ್ಯಾಸ್ಕೆಟ್ ಮೊದಲ ಸಲ ಕಾದು ತಣಿದಾಗ ಒತ್ತಿ ತೆಳುವಾಗುತ್ತದೆ. ಅದು ಇಳಿದಷ್ಟೂ ಹಿಗ್ಗಿದ್ದ ಬೋಲ್ಟ್ ಕುಗ್ಗಿ ಹಿಡಿತ ಬಿಡುತ್ತದೆ. ಆದರೆ ನಾವು ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಬೋಲ್ಟಿನ ತಲೆಯಡಿ ಮತ್ತು ಅದರ ಥ್ರೆಡ್‌ನಲ್ಲಿ (ಸುರುಳಿ ಗೆರೆಗಳಲ್ಲಿ) ಉಜ್ಜಾಟಕ್ಕೇ ಹೋಗುತ್ತದೆ. ಕೂತು ಕಚ್ಚಿಕೊಂಡ ಬೋಲ್ಟನ್ನು ಕದಲಿಸಲು ಇನ್ನೂ ಹೆಚ್ಚು ಬೇಕು. ಆ ಕಚ್ಚನ್ನು ಬಿಡಿಸದೆ ಎಳೆದರೆ ವ್ರೆಂಚ್ ಅಳೆಯುವುದು ಕಚ್ಚನ್ನು ಮಾತ್ರ.

ಹೆಡ್ ಇಳಿಸಿದೆವು. ಗ್ಯಾಸ್ಕೆಟ್ ಬೆಳಕಿಗೆ ಹಿಡಿದರೆ ಎರಡನೆಯ ಸಿಲಿಂಡರಿನ ಉಕ್ಕಿನ ಬಳೆಯಿಂದ ಪಕ್ಕದ ನೀರಿನ ತೂತಿನವರೆಗೆ ಪೆನ್ಸಿಲಿನಿಂದ ಎಳೆದಂತೆ ಒಂದು ಕಪ್ಪು ಗೆರೆ. ಬೆರಳಿಟ್ಟರೆ ಮಸಿ ಅಂಟಿತು. ಸಿಲಿಂಡರಿನ ಹೊಗೆ ನೀರಿಗೆ ನುಗ್ಗಿ ಗುಳ್ಳೆಯಾದ ದಾರಿ ಅದೇ. ಹೆಡ್ ಮೇಲೆ ನೇರ ಪಟ್ಟಿ (ಸ್ಟ್ರೈಟ್ ಎಡ್ಜ್) ಇಟ್ಟು, ಸಂದು ಅಳೆಯುವ ತೆಳು ಬ್ಲೇಡ್ ಫೀಲರ್ ತೂರಿಸಿ ನೋಡುವಾಗ ನನ್ನ ಕೈ ನಡುಗುತ್ತಿತ್ತು. ಪುಣ್ಯಕ್ಕೆ ಬಾಗಿರಲಿಲ್ಲ.

ಎರಡನೆಯ ಸಲ ಬೋಲ್ಟ್ ತೂತುಗಳ ತಳದ ಎಣ್ಣೆಯನ್ನೂ ನೀರನ್ನೂ ಪೂರ್ತಿ ಒರೆಸಿದೆ, ಥ್ರೆಡ್‌ಗೆ ಬೆರಳಲ್ಲಿ ತುಸು ಎಣ್ಣೆ ಸವರಿದೆ. ನಡುವಿನಿಂದ ಹೊರಕ್ಕೆ ಮೂರು ಹಂತದಲ್ಲಿ ಬಿಗಿದೆ. ಎಂಜಿನ್ ಕಾದು ಥರ್ಮೋಸ್ಟ್ಯಾಟ್ ತೆರೆಯುವವರೆಗೆ ಓಡಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪ್ರತಿ ಬೋಲ್ಟಿನಿಂದ ಹೆಡ್‌ಗೆ ಒಂದು ಬಿಳಿ ಬಣ್ಣದ ಗೆರೆ ಎಳೆದೆ. ಸಡಿಲಿಸುವಾಗ ಪ್ರತಿಯೊಂದೂ 'ಕಟ್' ಎಂದು ಬಿಟ್ಟಿತು. ತಡೆಯದೆ ಒಂದೇ ಎಳೆತದಲ್ಲಿ ಬಿಗಿದೆ. ಹತ್ತರಲ್ಲಿ ಒಂದರ ಗೆರೆಯೂ ಹಳೆಯ ಜಾಗದಲ್ಲಿ ನಿಲ್ಲಲಿಲ್ಲ, ಎಲ್ಲವೂ ದಾಟಿ ಹೋದವು. ಎರಡನೆಯ ಸಿಲಿಂಡರ್ ಪಕ್ಕದ್ದು ಗಡಿಯಾರದ ಮುಳ್ಳು ಮೂರು ನಿಮಿಷ ನಡೆದಷ್ಟು ದಾಟಿತ್ತು. ಹೆಡ್ ಇಳಿದಿದ್ದರಿಂದ ಟ್ಯಾಪೆಟ್, ಅಂದರೆ ವಾಲ್ವ್ ಮೇಲೆ ಬಿಡುವ ಸಂದು ಕೂಡ ಬಿಗಿಯಾಗಿತ್ತು. ಸಲೀಸಾಗಿ ಜಾರುತ್ತಿದ್ದ 0.30 ಮಿ.ಮೀ. ಬ್ಲೇಡ್ ಎರಡು ಕಡೆ ಒಳಗೇ ಹೋಗಲಿಲ್ಲ. ಎಂಟನ್ನೂ ಮತ್ತೆ ಹೊಂದಿಸಿದೆ.

ತಪ್ಪು ನನ್ನದೇ. ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಜಾಬ್ ಕಾರ್ಡಿನಲ್ಲಿ ರೀಟಾರ್ಕ್‌ಗೆ ಸಾಲೇ ಇಲ್ಲ. ಎಂಜಿನ್ ಕೆಲಸಕ್ಕೆ ಇಷ್ಟು ಗಂಟೆ, ಅದೇ ಸಂಜೆ ಡೆಲಿವರಿ. ತಣಿಯಲು ಒಂದು ರಾತ್ರಿ ಬೇಕು ಎಂದರೆ ಸೂಪರ್‌ವೈಸರ್ ಜಾಗ ಖಾಲಿ ಮಾಡಿ ಎನ್ನುತ್ತಾರೆ. ಇರುವುದು ಒಂದೇ ಟಾರ್ಕ್ ವ್ರೆಂಚ್. ಅದರಲ್ಲೇ ತುಕ್ಕು ಹಿಡಿದ ಬೋಲ್ಟ್ ಬಿಚ್ಚುತ್ತಾರೆ, ಸ್ಪ್ರಿಂಗ್ ಸಡಿಲಿಸದೆ ಗೋಡೆಗೆ ತೂಗುಹಾಕುತ್ತಾರೆ. ಮಾಪನ ಪರೀಕ್ಷೆಗೆ ಕಳಿಸಿ ಎಂದು ಮೂರು ಸಲ ಬರೆದು ಕೊಟ್ಟಿದ್ದೇನೆ, ಇನ್ನೂ ಕೊಡುತ್ತೇನೆ.

ಮೊದಲ ಆಯಿಲ್ ಬದಲಿಗೆ ಆ ಗಾಡಿ ಬಂದಾಗ ಯಾರೂ ಹೇಳದೆ ರೇಡಿಯೇಟರ್ ಮುಚ್ಚಳ ತೆಗೆದೆ. ನೀರು ಕತ್ತಿನವರೆಗೆ ಇತ್ತು. ಸ್ಟಾರ್ಟ್ ಮಾಡಿಸಿ, ಗಡಿಯಾರ ನೋಡಿಕೊಂಡು ಐದು ನಿಮಿಷ ಅಲ್ಲೇ ನಿಂತೆ.